ರಾಡ್ ತರಿಸುವ ಮೊದಲು ಒಂದು ಅಂಗಡಿಗೆ ಹೋಗೋಣ

ಪ್ರೀತಿಯ ಸುರೇಶ,

ನಿನ್ನ ಪತ್ರ ಓದಿ ತುಂಬ ಖುಷಿಯಾಯಿತು. ಕೊನೆಗೂ ನೀನು ಗಾಳ ಹಾಕಲು ಹೊರಟೆ! ಆದರೆ ರಾಡ್, ರೀಲ್, ದಾರ, ಗಾಳ ಎಲ್ಲ ಸೇರಿದ ಸೆಟ್ ಒಂದನ್ನು ಆನ್‌ಲೈನ್‌ನಲ್ಲಿ ತರಿಸುತ್ತೇನೆ ಅಂತ ಬರೆದಿದ್ದೀಯಲ್ಲ, ಅದಕ್ಕೆ ಒಂದು ವಾರ ತಡಿ ಅಂತ ಕೇಳಿಕೊಳ್ಳಲು ಈ ಪತ್ರ.

ನಾನು ಮೊದಲ ಗಾಳ ಕೊಂಡಿದ್ದು ಮೈಸೂರಿನ ಒಂದು ಸಣ್ಣ ಅಂಗಡಿಯಲ್ಲಿ. ಇಬ್ಬರು ಒಳಗಿದ್ದರೆ ಮೂರನೆಯವರು ಹೊರಗೆ ಕಾಯಬೇಕು. ಗೋಡೆ ತುಂಬ ಬಲೆ, ಮೂಲೆಯಲ್ಲಿ ಬಿದಿರಿನ ಕೋಲು, ಗಾಜಿನ ಡಬ್ಬಿಗಳಲ್ಲಿ ಸೀಸದ ಗುಂಡು, ಬೆಂಡು. 'ಒಂದು ದೊಡ್ಡ ಗಾಳ ಕೊಡಿ' ಅಂದೆ. ಯಜಮಾನರು ಡಬ್ಬಿಗೆ ಕೈ ಹಾಕಲೇ ಇಲ್ಲ. 'ಕೆರೆಗೋ, ಹೊಳೆಗೋ?' ಅಂದರು. ಯಾವ ಮೀನಿಗೆ? ಹಿಡಿದ ಮೇಲೆ ತಿನ್ನುತ್ತೀಯೋ, ಬಿಡುತ್ತೀಯೋ? ಎಲ್ಲ ಕೇಳಿ ಆಮೇಲೆ ಒಂದು ಪುಟ್ಟ ಗಾಳವನ್ನು ನನ್ನ ಅಂಗೈ ಮೇಲಿಟ್ಟರು. ಗಾಳದ ನಂಬರಿನ ಲೆಕ್ಕ ಅವತ್ತೇ ತಿಳಿದಿದ್ದು. ನಂಬರ್ ಜಾಸ್ತಿಯಾದಷ್ಟೂ ಗಾಳ ಸಣ್ಣದು. 12ಕ್ಕಿಂತ 6 ದೊಡ್ಡದು, 6ಕ್ಕಿಂತ 1 ದೊಡ್ಡದು. ಅದಕ್ಕೂ ದೊಡ್ಡದು ಬೇಕಾದರೆ 1/0, 2/0 ಅಂತ ಲೆಕ್ಕ ತಿರುಗಿ ಮೇಲಕ್ಕೆ ಹೋಗುತ್ತದೆ.

ಕಾವೇರಿಯಲ್ಲಿ ಬಿಳಿ ಮೀನಿಗೆ ಗಾಳ ಹಾಕುವ ಆಸೆ ಅಂತ ಹೇಳಿದಾಗ ಅವರ ಮುಖವೇ ಬೇರೆಯಾಯಿತು. ಹೊರಗಿನವರು ಮಹಶೀರ್ ಅನ್ನುತ್ತಾರಲ್ಲ, ಅದೇ ಮೀನು. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡಿನ ಬಿಳಿ ಮೀನು ಹಿಡಿದಿದ್ದರು. ಹತ್ತಿರ ಹತ್ತಿರ 54 ಕೆಜಿ! ಆ ಕತೆ ಹೇಳುತ್ತಲೇ ಯಜಮಾನರು ಇಕ್ಕಳ ತೆಗೆದು, ಸಿಕ್ಕ ಮೀನು ಕಳಚಿಕೊಳ್ಳದಂತೆ ತಡೆಯುವ ಗಾಳದ ಒಳಮುಳ್ಳನ್ನು ಅದುಮಿ ಚಪ್ಪಟೆ ಮಾಡಿದರು. 'ಬಿಡೋ ಮೀನಿಗೆ ಮುಳ್ಳು ಯಾಕೆ? ದಾರ ಸಡಿಲ ಬಿಡಬೇಡ, ಅಷ್ಟು ಸಾಕು.' ಆಮೇಲೆ ಮೀನು ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೋ ಅಂದರು. ಒಣಗಿದ ಕೈಗೆ ಅದರ ಮೈಮೇಲಿನ ಲೋಳೆ ಅಂಟಿ ಬರುತ್ತದೆ. ಆ ಲೋಳೆ ಹೋದರೆ ಮೀನಿಗೆ ರೋಗ ತಗಲುವುದು ಸುಲಭ.

ಇಷ್ಟೆಲ್ಲ ಕೇಳಿಸಿಕೊಂಡಿದ್ದೆ. ಆದರೂ ತಪ್ಪು ಮಾಡಿದೆ. ಕೊಡಗಿನಲ್ಲಿ, ಕಾವೇರಿಯ ಒಂದು ಮಡುವಿನಲ್ಲಿ, ನನಗೆ ಮೊದಲ ಬಿಳಿ ಮೀನು ಸಿಕ್ಕಿತು. ನಾಲ್ಕು ಕೆಜಿ ಇತ್ತೇನೋ. ರಾಗಿ ಉಂಡೆಗೆ ಬಂದಿತ್ತು. ಆ ಹುರುಪೆಯ ಹೊಳಪು ನೋಡಿ ನನಗೆ ಮೈಮೇಲೆ ಪ್ರಜ್ಞೆಯೇ ಇರಲಿಲ್ಲ. ಬಿಸಿಲಿಗೆ ಕಾದ ಬಂಡೆ ಮೇಲೆ ಮಲಗಿಸಿ ಫೋಟೊ ತೆಗೆದೆ. ಇನ್ನೊಂದು ತೆಗೆದೆ. ಎತ್ತಿ ಹಿಡಿದುಕೊಂಡು ಮತ್ತೊಂದು. ನೀರಿಗೆ ಬಿಟ್ಟಾಗ ಅದು ಈಜಲಿಲ್ಲ. ಹೊಟ್ಟೆ ಮೇಲಾಗಿ ನಿಧಾನವಾಗಿ ತೇಲಿಕೊಂಡು ಹೋಯಿತು. ಹಿಂದೆಯೇ ನೀರಿಗಿಳಿದೆ, ಸಿಗಲಿಲ್ಲ. ಆ ಫೋಟೊಗಳನ್ನು ಇವತ್ತಿಗೂ ಯಾರಿಗೂ ತೋರಿಸಿಲ್ಲ ಕಣೋ.

ಮೈಸೂರಿಗೆ ಬಂದು ಯಜಮಾನರಿಗೆ ಹೇಳಿದೆ. ಅವರು ಬೈಯಲಿಲ್ಲ. 'ಮೀನು ನೀರಿಂದ ಆಚೆ ಇದ್ದಷ್ಟು ಹೊತ್ತು ನೀನೂ ಉಸಿರು ಹಿಡಿದಿರು. ನಿನಗೆ ಕಟ್ಟಿದಾಗ ಅದಕ್ಕೂ ಕಟ್ಟಿರುತ್ತೆ' ಅಂದರು. ಬಿಡುವಾಗ ಅದರ ತಲೆ ಹರಿವಿಗೆ ಎದುರಾಗಿರಬೇಕು, ಕಿವಿರಿಗೆ ನೀರು ಹೊಕ್ಕು ಅದು ತಾನಾಗಿ ನಮ್ಮ ಕೈಯಿಂದ ಬಿಡಿಸಿಕೊಂಡು ಹೋಗುವವರೆಗೂ ಕಾಯಬೇಕು ಅಂತ ಕೈಯಲ್ಲೇ ಮಾಡಿ ತೋರಿಸಿದರು. ಈಗ ನಾನು ಹಾಗೇ ಮಾಡುತ್ತೇನೆ. ಗಾಳವನ್ನು ನೀರಿನೊಳಗೇ ಬಿಡಿಸುತ್ತೇನೆ.

ಕಾವೇರಿ ಕಣಿವೆಯ ಗೂನುಬೆನ್ನಿನ ಬಿಳಿ ಮೀನು 2018ರಿಂದ ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ. ಮೀನು ಹಿಡಿಯಲು ಡೈನಮೈಟ್ ಹಾಕುವುದು, ನೀರಿಗೆ ವಿಷ ಬೆರೆಸುವುದು 1897ರ ಮೀನುಗಾರಿಕೆ ಕಾಯ್ದೆಯಲ್ಲೇ ಅಪರಾಧ. ಆದರೂ ಅವೆರಡೂ ನಿಂತಿಲ್ಲ. ದಕ್ಷಿಣ ಕನ್ನಡದ ಶಿಶಿಲದಲ್ಲಿ 1996ರಲ್ಲಿ ದೇವಸ್ಥಾನದ ಹೊಳೆಯ ದೇವರ ಮೀನುಗಳಿಗೇ ವಿಷ ಹಾಕಿದ್ದರು. ಹೀಗಿರುವಾಗ ನಮ್ಮಂಥವರು, ಮೀನನ್ನು ಪ್ರೀತಿಸುತ್ತೇವೆ ಅನ್ನುವವರು, ಜಾಸ್ತಿ ಜಾಗ್ರತೆಯಿಂದ ಇರಬೇಕು ಅಲ್ವಾ? ದೇವರ ಮೀನುಗಳಿರುವ ಶೃಂಗೇರಿಯ ತುಂಗೆಯಲ್ಲಿ, ಶಿಶಿಲದಲ್ಲಿ, ರಾಮನಾಥಪುರದಲ್ಲಿ ಗಾಳದ ಮಾತೇ ಬೇಡ. ವನ್ಯಧಾಮಗಳ ಒಳಗೂ ಬೇಡ. ಬೇರೆ ಕಡೆ ಹಾಕುವ ಮೊದಲು ಆ ನೀರು ಯಾರದು, ಯಾರನ್ನು ಕೇಳಬೇಕು ಅಂತ ತಿಳಿದುಕೋ. ಮೊದಲ ಮಳೆಗೆ ಮೀನು ಮೊಟ್ಟೆ ಇಡಲು ಹಳ್ಳ ಹತ್ತುತ್ತದೆ. ಹಾಗೆ ಹತ್ತುವ ಮೀನಿಗೆ ಮಲೆನಾಡಿನ ಕಡೆ 'ಹತ್ತು ಮೀನು' ಅನ್ನುತ್ತಾರೆ. ಅದನ್ನು ಹಿಡಿಯುವುದು ಹಳೆಯ ರೂಢಿ, ನನಗೆ ಗೊತ್ತು. ಆದರೂ ನಾನು ಹಿಡಿಯಲಾರೆ. ಹೊಟ್ಟೆ ತುಂಬ ಮೊಟ್ಟೆ ಹೊತ್ತು ಬರುವ ಮೀನದು.

ಇನ್ನು ದಡದಲ್ಲಿ ನಡೆದುಕೊಳ್ಳುವ ರೀತಿ. ಮೊದಲೇ ಒಬ್ಬರು ಕೂತಿದ್ದರೆ ಆ ಮಡು ಅವತ್ತಿಗೆ ಅವರದ್ದು. ದೂರ ಹೋಗಿ ಕೂರು. ಅವರ ದಾರದ ಮೇಲೆ ನಿನ್ನ ದಾರ ಎಸೆಯಬೇಡ. ನೀರಿನ ಮೇಲೆ ಟಾರ್ಚ್ ಬಿಡಬೇಡ. ಗಾಳ ಹಿಡಿದು ಹೊರಟವರನ್ನು 'ಎಲ್ಲಿಗೆ?' ಅಂತ ಕೇಳಲೇಬೇಡ, ಹಳಬರಿಗೆ ಅದು ಅಪಶಕುನ. ಯಾರಾದರೂ ನಂಬಿ ತಮ್ಮ ಮಡು ತೋರಿಸಿದರೆ ಅದರ ಲೊಕೇಶನ್ ಗ್ರೂಪಿಗೆ ಹಾಕಬೇಡ. ಹಾಗೆ ಹಾಕಿದ್ದರಿಂದ ಹಾಳಾದ ಜಾಗ ಒಂದನ್ನು ನಾನೇ ನೋಡಿದ್ದೇನೆ. ಎರಡೇ ತಿಂಗಳಲ್ಲಿ ದಡದ ತುಂಬ ಬಾಟಲಿ, ಪ್ಲಾಸ್ಟಿಕ್. ಎಲ್ಲಕ್ಕಿಂತ ಕೆಟ್ಟದ್ದು ಕಿತ್ತು ಬಿಸಾಕಿದ ನೈಲಾನ್ ದಾರ. ಅದು ಕೊಳೆಯುವುದಿಲ್ಲ. ಒಂದು ಬೆಳ್ಳಕ್ಕಿಯ ಕಾಲಿಗೆ ಸುತ್ತಿಕೊಂಡಿತ್ತು. ಬಿಡಿಸಲು ಇಬ್ಬರು ಬೇಕಾದೆವು. ಆವತ್ತಿನಿಂದ ನನ್ನ ಚೀಲದಲ್ಲಿ ತುಂಡು ದಾರಕ್ಕೇ ಅಂತ ಒಂದು ಡಬ್ಬಿ ಇದೆ.

ಇದರಲ್ಲಿ ಮುಕ್ಕಾಲು ಪಾಲು ನಾನು ಕಲಿತದ್ದು ಆ ಅಂಗಡಿಯಲ್ಲಿ ನಿಂತು. ನೂರು ರೂಪಾಯಿ ಸಾಮಾನು ಕೊಳ್ಳಲು ಹೋಗಿ ಒಂದು ಗಂಟೆ ಮಾತಾಡಿ ಬಂದಿದ್ದೇನೆ. ಆನ್‌ಲೈನ್ ಸೆಟ್ ಅಗ್ಗ ಇರಬಹುದು. ಆದರೆ ಆ ಪೆಟ್ಟಿಗೆ 'ತಿನ್ನುತ್ತೀಯೋ, ಬಿಡುತ್ತೀಯೋ' ಅಂತ ನಿನ್ನನ್ನು ಕೇಳುವುದಿಲ್ಲ. ಹೋದ ತಿಂಗಳು ಹೋದಾಗ ಅಂಗಡಿಯ ಅರ್ಧ ಭಾಗದಲ್ಲಿ ಮೊಬೈಲ್ ಕವರ್ ನೇತು ಹಾಕಿದ್ದರು. ಗಾಳದ ಡಬ್ಬಿಗಳು ಒಂದು ಮೂಲೆ ಸೇರಿವೆ. ಯಜಮಾನರ ಮಗನಿಗೆ ಮೀನಿನ ವಿಷಯ ಅಷ್ಟು ಗೊತ್ತಿಲ್ಲ. ಯಜಮಾನರು ಬೆಳಿಗ್ಗೆ ಮಾತ್ರ ಬಂದು ಕೂರುತ್ತಾರೆ.

ಅದಕ್ಕೇ ಹೇಳುತ್ತಿದ್ದೇನೆ, ಬರುವ ಶನಿವಾರ ಬೆಳಿಗ್ಗೆಯೇ ಬಸ್ಸು ಹತ್ತು. ಹತ್ತು ಗಂಟೆಗೆ ಅಂಗಡಿ ಮುಂದೆ ನಿಂತಿರುತ್ತೇನೆ. ಯಾವ ನೀರು, ಯಾವ ಮೀನು ಅಂತ ಅವರು ಕೇಳುತ್ತಾರೆ, ಯೋಚಿಸಿಕೊಂಡು ಬಾ. ಭಾನುವಾರಕ್ಕೆ ಎರೆಹುಳ ನಾನು ತರುತ್ತೇನೆ.

ನಿನ್ನ,
ಮಂಜು