ಸ್ವಿಚ್ 2 ರೇಟಿನ ಜಗಳದ ಬಗ್ಗೆ

ನಮಸ್ಕಾರ್ರೀ ಎಲ್ಲಾರಿಗೂ. ನಿಂಟೆಂಡೊ ಕಂಪನಿಯ ಗೇಮ್ ಆಡೂ ಮಷಿನ್ ಸ್ವಿಚ್ 2 ತುಟ್ಟಿ ಐತೋ ಇಲ್ಲೋ ಅಂತ ನಿನ್ನೆಯಿಂದ ಭಾಳ ಜಗಳ ನಡದೈತಿ. ಅಡ್ಮಿನ್ ಆಗಿ ನನ್ನದೂ ಒಂದ್ ಮಾತು.

ಮೊದಲನೇ ಸ್ವಿಚ್ 2017ರಾಗ ಅಮೇರಿಕಾದಾಗ 299.99 ಡಾಲರಿಗೆ ಬಂದಿತ್ತು. ಈ ಹೊಸಾದು 2025ರ ಜೂನ್ 5ಕ್ಕ ಬಂದಾಗ 449.99. ಪರದೆ ದೊಡ್ಡದು, 256 ಜಿಬಿ ಜಾಗ ಐತಿ, ಹಂಗಾಗಿ ಮಷಿನ್ನಿಗೆ ಆ ರೊಕ್ಕ ನಡೀತೈತಿ ಅನ್ನೂಣು. ನನಗ ಸಿಟ್ಟು ಬರೂದು ಗೇಮಿನ ರೇಟಿಗೆ. ಮಾರಿಯೋ ಕಾರ್ಟ್ ವರ್ಲ್ಡ್ ಒಂದಕ್ಕ 79.99 ಡಾಲರ್! ಮ್ಯಾಲ ಹಳೇ ಮೆಮರಿ ಕಾರ್ಡಿನ್ಯಾಗ ಇದರ ಗೇಮ್ ಇಡಾಕ ಬರಂಗಿಲ್ಲ, ಹೊಸಾ ನಮೂನಿ ಕಾರ್ಡ್ ಆದ ಮೈಕ್ರೋಎಸ್‌ಡಿ ಎಕ್ಸ್‌ಪ್ರೆಸ್ಸೇ ಬೇಕು.

ಜಪಾನಿನಿಂದ ತರಿಸೂ ವಿಚಾರ ಮಾಡಿರೋ ಬೆಳಗಾವಿ ಟಿಳಕವಾಡಿ ಹುಡುಗರು ಹುಷಾರ್. ಅಲ್ಲಿ 49,980 ಯೆನ್‌ಗೆ ಬಿಟ್ಟದ್ದರಾಗ ಬರೇ ಜಪಾನಿ ಭಾಷಾ. ಬ್ಯಾರೆ ಭಾಷಾ ಇರೂದಕ್ಕ 69,980 ಯೆನ್ ಇಟ್ಟಿದ್ರು.

ನಮ್ಮ ದೇಶದಾಗ ಕಂಪನಿ ಇದನ್ನ ಅಧಿಕೃತವಾಗಿ ಬಿಟ್ಟಿಲ್ಲ. ಖಡೇಬಜಾರದಾಗ ಸಿಕ್ಕರೂ ಅಂಗಡಿಯವರು ಹೇಳಿದ್ದೇ ರೇಟು. ರಿಪೇರಿ ಯಾರು ಮಾಡಿಕೊಡ್ತಾರ ಅಂತ ಬಿಲ್ಲಿನ ಮ್ಯಾಲ ಬರಸ್ಕೋರಿ.

ಯಾರರ ತಗೊಂಡಿದ್ರ ಎಷ್ಟ್ ಕೊಟ್ರಿ ಅಂತ ಇಲ್ಲಿ ಹಾಕ್ರಿ. ಬೈದಾಟ ಮಾತ್ರ ಬ್ಯಾಡ್ರಿ.