ಆಟಿಯ ಮಳೆ, ನಿನ್ನೂರಿನ ಕತ್ತಲೆ

ಪ್ರೀತಿಯ ಮಗಳೇ,

ಕರ್ತನ ನಾಮದಲ್ಲಿ ದೊಡ್ಡಮ್ಮನ ಆಶೀರ್ವಾದ. ಮನೆಯ ಸುದ್ದಿಯೆಲ್ಲ ನಿನ್ನ ತಮ್ಮ ಫೋನಿನಲ್ಲಿ ಹೇಳಿರುತ್ತಾನೆ, ಅದನ್ನು ಬಿಡುತ್ತೇನೆ. ಜರ್ಮನಿಯ ಆ ಸ್ಟುಟ್‌ಗಾರ್ಟಿನ ಚಳಿ, ಆಸ್ಪತ್ರೆಯ ರಾತ್ರಿ ಪಾಳಿ ಎಲ್ಲ ಬರೆದಾದ ಮೇಲೆ ಕೊನೆಗೆ ಒಂದು ಸಾಲು ಸೇರಿಸಿದ್ದೀಯಲ್ಲ: "ಪ್ರಾರ್ಥನೆಗೆ ಕೂತರೆ ಗೋಡೆಯ ಹತ್ತಿರ ಮಾತಾಡಿದ ಹಾಗಾಗುತ್ತದೆ ದೊಡ್ಡಮ್ಮ, ನನ್ನ ನಂಬಿಕೆ ಸತ್ತಿತೇನೋ ಅಂತ ಹೆದರಿಕೆ." ಅದನ್ನು ಓದಿ ಎರಡು ರಾತ್ರಿ ನಿದ್ದೆ ಹತ್ತಲಿಲ್ಲ.

ನನಗೂ ಆ ವರ್ಷ ಹಾಗೇ ಆಗಿತ್ತು. ಯಾವ ವರ್ಷವೆಂದು ನಿನಗೆ ಗೊತ್ತು, ಮತ್ತೆ ಬರೆಯುವುದಿಲ್ಲ. ಆಟಿ ತಿಂಗಳು. ಬಿಡದೆ ಹೊಯ್ಯುವ ಮಳೆ, ಒಲೆಯ ಮೇಲೆ ಒಣಹಾಕಿದ ಬಟ್ಟೆಗೆಲ್ಲ ಹೊಗೆಯ ವಾಸನೆ. ಸಂಜೆಯಾದರೆ ಅತ್ತೆ ಚಿಮಿಣಿ ದೀಪದ ಹತ್ತಿರ ಬೈಬಲ್ ಬಿಡಿಸಿ ಕೂರುತ್ತಿದ್ದರು. ನನಗೆ 'ಪರಲೋಕದಲ್ಲಿರುವ ನಮ್ಮ ತಂದೆಯೇ' ಅನ್ನುವುದಕ್ಕೂ ಗಂಟಲು ಕಟ್ಟುತ್ತಿತ್ತು. ಹಲಸಿನ ಬೇಳೆಯ ಸಿಪ್ಪೆ ಸುಲಿಯುತ್ತಾ ಮೂಲೆಯಲ್ಲಿ ಕೂತಿರುತ್ತಿದ್ದೆ, ಅಷ್ಟೇ. ಅತ್ತೆ ಒಂದು ದಿನವೂ ಬಾಯಿಬಿಡು ಅನ್ನಲಿಲ್ಲ, ಎದ್ದು ಹೋಗು ಅಂತಲೂ ಅನ್ನಲಿಲ್ಲ. 88ನೇ ಕೀರ್ತನೆಯನ್ನು ಮತ್ತೆ ಮತ್ತೆ ಓದುತ್ತಿದ್ದರು. ಗೋಳಿನ ಕೀರ್ತನೆಗಳಲ್ಲಿ ಹೆಚ್ಚಿನವು ಕೊನೆಗೆ ಹೇಗೋ ಸ್ತುತಿಯ ಕಡೆಗೆ ತಿರುಗುತ್ತವೆ. ಇದು ಮಾತ್ರ ಕತ್ತಲೆಯ ಮಾತಿನಲ್ಲೇ ನಿಂತುಬಿಡುತ್ತದೆ. ಅದನ್ನೂ ಬೈಬಲಿನಿಂದ ತೆಗೆಯದೆ ಇಟ್ಟಿದ್ದಾರಲ್ಲ, ಅದೇ ಆಗ ನನಗೆ ಸಿಕ್ಕ ಹುಲ್ಲುಕಡ್ಡಿ.

ಮಳೆ ಹಿಂದಾಗಿ ಬೆಳೆ ಹಬ್ಬ ಬಂತು. ಎಲ್ಲರೂ ಚರ್ಚಿಗೆ ಬಾಳೆಗೊನೆ, ತೆಂಗಿನಕಾಯಿ, ಕೋಳಿ ತಂದರು. ಆ ವರ್ಷ ನಾನು ಏನೂ ನೆಟ್ಟಿರಲಿಲ್ಲ. ಗೊಬ್ಬರದ ಗುಂಡಿಯ ಪಕ್ಕ ತಾನಾಗಿ ಎದ್ದ ಬಳ್ಳಿಯಲ್ಲಿ ಒಂದು ಸೌತೆಕಾಯಿ ಬಿಟ್ಟಿತ್ತು, ಅದನ್ನೇ ಸೆರಗಿನಲ್ಲಿ ಸುತ್ತಿ ಒಯ್ದು ಇಟ್ಟೆ. ಕೃತಜ್ಞತೆ ಎಂಬುದೇನೂ ಮನಸ್ಸಿನಲ್ಲಿ ಇರಲಿಲ್ಲ, ಸುಳ್ಳು ಹೇಳುವುದಿಲ್ಲ. ಏಲಂನಲ್ಲಿ ಅದನ್ನು ಹಿಡಿದವಳು ನಿನ್ನ ಅಮ್ಮ. ಎರಡು ರೂಪಾಯಿಯ ಕಾಯಿಗೆ 50 ರೂಪಾಯಿ ಕೂಗಿದಳು, ಕೈಯಲ್ಲಿ ಅಷ್ಟು ದುಡ್ಡೂ ಇರಲಿಲ್ಲ. ಮನೆಗೆ ತಂದು ಸಾಂಬಾರು ಮಾಡಿ ನನಗೇ ಬಡಿಸಿದಳು. ಏನೂ ಹೇಳಲಿಲ್ಲ.

ಅಂಥವಳು ಕೆಲವು ವರ್ಷಗಳಾದ ಮೇಲೆ ನನ್ನ ಹತ್ತಿರ ಬಂದು, ನೀನು ಬರೆದ ಮಾತನ್ನೇ ಹೇಳಿದಳು. ಆಗ ನಾನು ಸ್ತ್ರೀಯರ ಕೂಟದಲ್ಲಿ ಮುಂದೆ ನಿಂತು ಪ್ರಾರ್ಥಿಸುವವಳು. "ಬೈಬಲ್ ಸರಿಯಾಗಿ ಓದು, ಮನಸ್ಸನ್ನು ಎಲ್ಲೆಲ್ಲೋ ಬಿಟ್ಟರೆ ಹೀಗೇ ಆಗುವುದು" ಅಂದುಬಿಟ್ಟೆ. ತಲೆ ತಗ್ಗಿಸಿ ಹೋದಳು. ಮತ್ತೆಂದೂ ನನ್ನೆದುರು ಆ ಮಾತು ಎತ್ತಲಿಲ್ಲ. ಕೊನೆಯ ತಿಂಗಳುಗಳಲ್ಲಿ ಆ ಹೆದರಿಕೆ ಅವಳೊಳಗೆ ಇತ್ತೋ ಏನೋ, ಕೇಳುವ ಧೈರ್ಯ ನನಗೆ ಬರಲಿಲ್ಲ. ಈಗ ನಿನ್ನ ಅಕ್ಷರದಲ್ಲಿ ಅದೇ ಸಾಲು ಬಂದಿದೆ. ನಿನ್ನನ್ನು ನಾನು ಬೈಯುವುದಿಲ್ಲ ಮಗಾ.

ನಿನ್ನೂರಿನ ಹತ್ತಿರ ಎಸ್ಲಿಂಗೆನ್ ಅಂತ ಉಂಟಲ್ಲ, 'ಮಂಗಳೂರ ಸಮಾಚಾರ' ಪತ್ರಿಕೆ ಹೊರಡಿಸಿದ ಮೋಗ್ಲಿಂಗ್ ಪಾದ್ರಿ 1881ರಲ್ಲಿ ತೀರಿಕೊಂಡದ್ದು ಅಲ್ಲೇ. ಅವರು ಆ ಚಳಿಯ ಸೀಮೆ ಬಿಟ್ಟು 1836ರಲ್ಲಿ ನಮ್ಮ ಮಂಗಳೂರಿಗೆ ಬಂದವರು. ಇಲ್ಲಿಯ ಮೊದಲ ಆಟಿಯಲ್ಲಿ ಅವರ ಪ್ರಾರ್ಥನೆಯೂ ಗೋಡೆಗೆ ಬಡಿದು ಬಂದಿರಬಹುದೇ ಎಂದು ನಿನ್ನ ಪತ್ರ ಬಂದಂದಿನಿಂದ ಯೋಚಿಸುತ್ತಿದ್ದೇನೆ. ನೀನು ಅದೇ ದಾರಿಯಲ್ಲಿ ಹಿಂದಕ್ಕೆ ಹೋದವಳು. 4.30ಕ್ಕೇ ಇಳಿಯುವ ಕತ್ತಲೆ ನಮ್ಮ ಬಿಸಿಲಲ್ಲಿ ಬೆಳೆದ ಮೈಗೆ ಹೊಸದು. ಮೈ ಬಳಲಿದ್ದನ್ನೇ ನಂಬಿಕೆ ಸತ್ತಿತು ಅಂದುಕೊಂಡೆಯೋ ಏನೋ. ನಾನು ಬಲ್ಲವಳಲ್ಲ, ನೀನೇ ನೋಡಿಕೊ.

ಏನು ಮಾಡು ಅಂತ ಹೇಳಲಿ? ಬೆಳಕಿರುವಷ್ಟು ಹೊತ್ತು ಸ್ವಲ್ಪ ಹೊರಗೆ ನಡೆದಾಡು. ಪಾಳಿ ಮುಗಿಸಿ ಬಂದು ಅರ್ಧ ಗಂಟೆ ಮೊಣಕಾಲೂರಿ ಹೋರಾಡಬೇಡ. ಆ ದಿನ ಕಣ್ಣಿಗೆ ಬಿದ್ದದ್ದು ಒಂದೇ ಒಂದು, ಎಲೆ ಉದುರಿಸಿ ನಿಂತ ಮರವೋ, ನೀನು ನೀರು ಕುಡಿಸಿದ ಮುದುಕಿಯ ಕೈಯೋ, ಅದನ್ನು ದೇವರಿಗೆ ಹೇಳಿ ಮಲಗು. ಅಲ್ಲಿಯ ಚರ್ಚಿನ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತು ಬಾ. ನಿನಗೆ ಬಾಯಿ ಬಾರದಿದ್ದರೆ ಬೇರೆಯವರು ಹಾಡಲಿ, ಅತ್ತೆ ನನಗಾಗಿ ಓದಿದ ಹಾಗೆ. ಇಷ್ಟು ಸಾಲದು ಎಂದು ನನಗೂ ಗೊತ್ತು.

ಇನ್ನು ಕೆಲವೇ ದಿನಕ್ಕೆ ಆಗಮನ ಕಾಲ, ಕ್ರಿಸ್ಮಸ್ಸಿಗೆ ಕಾಯುವ ವಾರಗಳು. ಅಲ್ಲಿ ಹಸಿರು ಕೊಂಬೆಯ ಮಾಲೆಯಲ್ಲಿ ನಾಲ್ಕು ಮೇಣದಬತ್ತಿ ಇಟ್ಟು ವಾರಕ್ಕೊಂದು ಹಚ್ಚುತ್ತಾರೆ ಎಂದು ಬರೆದಿದ್ದೆಯಲ್ಲ, ನೀನೂ ಹಚ್ಚು. ನಿನಗೆ ಸಂಜೆ 4.30 ಆಗುವಾಗ ಇಲ್ಲಿ ರಾತ್ರಿ 9 ಗಂಟೆ, ನಾನು ಪ್ರಾರ್ಥನೆಗೆ ಕೂರುವ ಹೊತ್ತು. ಅಲ್ಲಿ ಕತ್ತಲಾಗುವಾಗ ಇಲ್ಲಿ ನಿನ್ನ ಹೆಸರು ಹೇಳುತ್ತಿರುತ್ತೇನೆ, ನೀನು ಏನೂ ಹೇಳಬೇಕೆಂದಿಲ್ಲ. ಮೊದಲ ಬತ್ತಿ ಹಚ್ಚಿದ ದಿನ ಫೋನ್ ಮಾಡು. ಎಷ್ಟು ಹೊತ್ತಾದರೂ ಎತ್ತುತ್ತೇನೆ.

ನಿನ್ನ ದೊಡ್ಡಮ್ಮ