ಬೇಲಿ ಕೀಳುವ ಮೊದಲು ಇದನ್ನು ಓದು

ಪ್ರೀತಿಯ ಗೆಳೆಯಾ,

ಅಮೆರಿಕದ ಐತಿಹಾಸಿಕ ಬೀದಿಯಲ್ಲಿರುವ ನಿನ್ನ ಮನೆಯ ಫೋಟೋಗಳನ್ನು ನೋಡಿದೆ. ಜಗಲಿಯ ಕಂಬಗಳು ಎಷ್ಟು ಚೆನ್ನಾಗಿವೆ ಮಾರಾಯ! ಆದರೆ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, 'ಮುಂದಿನ ಮರದ ಬೇಲಿ ವಾಲಿದೆ, ಶನಿವಾರ ಕಿತ್ತುಹಾಕಿ ಪ್ಲಾಸ್ಟಿಕ್ ಬೇಲಿ ಹಾಕಿಸುತ್ತೇನೆ' ಅಂತ, ಅದನ್ನು ಓದಿ ಕೂಡಲೇ ಬರೆಯಲು ಕೂತೆ. ದಯವಿಟ್ಟು ಸ್ವಲ್ಪ ತಡಿ.

ನಾನು ಇಲ್ಲಿಗೆ ಬಂದ ಹೊಸದರಲ್ಲಿ ಅದನ್ನೇ ಮಾಡಿದೆ. ಬೇಲಿಗೆಲ್ಲ ಅನುಮತಿ ಬೇಡ ಅಂತ ಕೆಲಸದವರು ಹೇಳಿದರು, ನಂಬಿದೆ. ಅರ್ಧ ಕಿತ್ತಾಗ ಕೆಲಸ ನಿಲ್ಲಿಸಿ ಅಂತ ನೋಟಿಸ್ ಬಂತು. ಆ ಚಳಿಗಾಲ ಪೂರ್ತಿ ಮನೆ ಮುಂದೆ ಬೇಲಿಯೇ ಇರಲಿಲ್ಲ. ಆದರೆ ನನಗೆ ಇವತ್ತಿಗೂ ನೋವಾಗುವುದು ನೋಟಿಸ್‌ನಿಂದಲ್ಲ. ಕಿತ್ತ ಪಟ್ಟಿಗಳು ಆಗಲೇ ಕಸದ ಲಾರಿ ಹತ್ತಿ ಹೋಗಿದ್ದವು. ಉಳಿದ ಒಂದು ತುಂಡನ್ನು ಕತ್ತರಿಸಿ ನೋಡಿದೆ. ಒಳಗೆ ಮರ ಗಟ್ಟಿ ಇತ್ತು. ನಿಧಾನವಾಗಿ ಬೆಳೆದ ಹಳೆಯ ಮರ, ಉಂಗುರಗಳು ಒತ್ತೊತ್ತಾಗಿದ್ದವು. ಈಗ ಅಂಗಡಿಯಲ್ಲಿ ಸಿಗುವುದು ಬೇಗ ಬೇಗ ಬೆಳೆಸಿದ ಮರ. ಅಂಥದ್ದನ್ನು ಸುಮ್ನೆ ಎಸೆದುಬಿಟ್ಟೆನಲ್ಲ ಅಂತ ಈಗಲೂ ಅನಿಸುತ್ತದೆ.

ಅದಕ್ಕೇ ಹೇಳುತ್ತೇನೆ, ಮೊದಲು ಒಂದೊಂದೇ ಕಂಬದ ಹತ್ತಿರ ಕೂತು ನೋಡು. ಮಣ್ಣು ಮುಟ್ಟುವ ಜಾಗದಲ್ಲಿ ಸ್ಕ್ರೂಡ್ರೈವರ್‌ನಿಂದ ಚುಚ್ಚು. ಮೆತ್ತಗೆ ಒಳಗೆ ಹೋದರೆ ಅಲ್ಲಿ ಮರ ಕೊಳೆತಿದೆ ಅಂತ ಅರ್ಥ. ಸಾಮಾನ್ಯವಾಗಿ ಅಲ್ಲೇ ಕೊಳೆಯುವುದು, ಯಾಕೆಂದರೆ ಶಿಲೀಂಧ್ರಕ್ಕೆ ತೇವವೂ ಬೇಕು, ಗಾಳಿಯೂ ಬೇಕು. ಅವೆರಡೂ ಚೆನ್ನಾಗಿ ಕೂಡುವುದು ನೆಲಮಟ್ಟದಲ್ಲಿ. ಅದರ ಮೇಲೆ ಎರಡಡಿ ಗಟ್ಟಿ ಮರವೇ ಇರಬಹುದು. ಕೊಳೆತ ಬುಡವನ್ನಷ್ಟೇ ಕತ್ತರಿಸಿ, ಹೊಸ ತುಂಡನ್ನೂ ಹಳೆಯದನ್ನೂ ಅರ್ಧರ್ಧ ಕೊರೆದು ಒಂದರ ಮೇಲೊಂದು ಕೂರಿಸಿ ಬೋಲ್ಟ್ ಹಾಕಬಹುದು. ವಾಲಿದ ಬೇಲಿ ಎಂದರೆ ಸತ್ತ ಬೇಲಿ ಅಲ್ಲ ಕಣೋ.

ಇನ್ನು ಅನುಮತಿ. ಇದರಲ್ಲಿ ತುಂಬಾ ಜನಕ್ಕೆ ಗೊಂದಲ. ಅಮೆರಿಕದಲ್ಲಿ 1966ರ ಕಾಯ್ದೆಯಿಂದ ಬಂದ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿ ಒಂದಿದೆ. ಮನೆ ಅದರಲ್ಲಿದ್ದ ಮಾತ್ರಕ್ಕೆ, ನಿನ್ನ ದುಡ್ಡಲ್ಲಿ ನೀನು ಬೇಲಿ ಬದಲಿಸುವುದನ್ನು ಯಾರೂ ತಡೆಯುವುದಿಲ್ಲ. ತಡೆಯುವುದು ಹಳೆಯ ಬೀದಿಗಳನ್ನು ಕಾಪಾಡಲು ಊರು ಮಾಡಿಕೊಂಡ ಸ್ವಂತ ಕಾನೂನು. 1931ರಲ್ಲಿ ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ ಮೊದಲು ಅಂಥದ್ದನ್ನು ಮಾಡಿತು, ಆಮೇಲೆ ಬೇರೆ ಊರುಗಳೂ ಮಾಡಿದವು. ಹಾಗಾಗಿ ನಿನ್ನ ಊರಿನ ನಿಯಮವನ್ನೇ ಓದಬೇಕು, ನನ್ನ ಊರಿನದು ನಿನಗೆ ಲೆಕ್ಕಕ್ಕಿಲ್ಲ. ಎಷ್ಟೋ ಕಡೆ ಈ ಅನುಮತಿಗೆ 'ಸರ್ಟಿಫಿಕೇಟ್ ಆಫ್ ಅಪ್ರೋಪ್ರಿಯೇಟ್‌ನೆಸ್' ಅನ್ನುತ್ತಾರೆ, ಅಂದರೆ ಈ ಬದಲಾವಣೆ ಆ ಜಾಗಕ್ಕೆ ಹೊಂದುತ್ತದೆ ಅನ್ನುವ ಪತ್ರ. ಇದ್ದಂತೆಯೇ ರಿಪೇರಿ ಮಾಡಿದರೆ ಕಚೇರಿಯಲ್ಲೇ ಬೇಗ ಮುಗಿಯಬಹುದು. ಎತ್ತರ, ಆಕಾರ, ವಸ್ತು ಬದಲಾದರೆ ಊರಿನ ಸಮಿತಿಯ ಮುಂದೆ ಹೋಗಬೇಕಾಗಬಹುದು.

ಪ್ಲಾಸ್ಟಿಕ್ ಬೇಲಿ, ಅದೂ ಮನೆ ಮುಂದೆ, ಒಪ್ಪುವುದು ಕಷ್ಟ. ನನಗೂ ಅದು ಸರಿ ಅನಿಸುತ್ತದೆ. ಬೇಲಿ ನಿನ್ನದೇ, ಆದರೆ ಅದನ್ನು ದಿನಾ ನೋಡುವವರು ರಸ್ತೆಯಲ್ಲಿ ನಡೆಯುವವರು. ಅಮೆರಿಕ ಸರ್ಕಾರದ ಇಂಟೀರಿಯರ್ ಇಲಾಖೆ ಹಳೆಯ ಕಟ್ಟಡಗಳಿಗೆ ಕೊಟ್ಟಿರುವ ಮಾರ್ಗಸೂಚಿಯೂ ಹೇಳುವುದು ಇಷ್ಟೇ: ಸಾಧ್ಯವಾದರೆ ರಿಪೇರಿ ಮಾಡಿ, ಬದಲಿಸಲೇಬೇಕಾದರೆ ಹಳೆಯದಕ್ಕೆ ಹೊಂದುವಂಥದ್ದು ಹಾಕಿ. ಅರ್ಜಿಯ ಜೊತೆ ಬೇಲಿಯ ಅಳತೆ ಕೊಡು. ಪಟ್ಟಿಯ ಅಗಲ, ನಡುವಿನ ಸಂದು, ತುದಿಯ ಆಕಾರ, ಎಲ್ಲವೂ. ಊರಿನ ಗ್ರಂಥಾಲಯದಲ್ಲಿ ನಿನ್ನ ಬೀದಿಯ ಹಳೆಯ ಫೋಟೋ ಇದೆಯಾ ಕೇಳು. ನನಗೆ ಒಂದು ಸಿಕ್ಕಿತು. ನಮ್ಮ ಬೇಲಿ ಅದರ ಮೂಲೆಯಲ್ಲಿ ಕಾಣುತ್ತಿತ್ತು. ಅದನ್ನು ತೋರಿಸಿದ ಮೇಲೆ ಸಭೆಯಲ್ಲಿ ಜಾಸ್ತಿ ಮಾತೇ ಬೇಕಾಗಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ಅಸಡ್ಡೆ ಬೇಡ. ಅಮೆರಿಕದಲ್ಲಿ ಮನೆಗಳಿಗೆ ಸೀಸದ ಬಣ್ಣ ನಿಷೇಧವಾದದ್ದು 1978ರಲ್ಲಿ. ನಿನ್ನ ಬೇಲಿ ಅದಕ್ಕಿಂತ ಹಳೆಯದು. ಪರೀಕ್ಷೆ ಮಾಡಿಸದೆ ಒಣ ಬಣ್ಣ ಉಜ್ಜಬೇಡ. ಮಗಳು ಅದೇ ಅಂಗಳದಲ್ಲಿ ಆಡುತ್ತಾಳೆ ಅಲ್ವಾ? ಹೊಸ ಗುಂಡಿ ತೋಡುವುದಿದ್ದರೆ ಕೆಲವು ದಿನ ಮೊದಲೇ 811ಕ್ಕೆ ಫೋನ್ ಮಾಡು. ನೆಲದಡಿ ಗ್ಯಾಸ್, ಕರೆಂಟ್ ಲೈನ್ ಎಲ್ಲೆಲ್ಲಿ ಹೋಗಿದೆ ಅಂತ ಬಂದು ಗುರುತು ಹಾಕಿ ಹೋಗುತ್ತಾರೆ. ಸೀಡರ್ ಮರ ಹಾಕಿದರೆ ಸ್ಟೇನ್‌ಲೆಸ್ ಮೊಳೆಯನ್ನೇ ಬಳಸು, ಸಾದಾ ಮೊಳೆಯಾದರೆ ಮಳೆ ಬಿದ್ದಾಗ ಕಪ್ಪು ಗೀರು ಇಳಿಯುತ್ತದೆ.

ನಾಳೆ ಬೆಳಕಿರುವಾಗ ಪ್ರತಿ ಕಂಬದ ಬುಡದ ಮಣ್ಣು ಸ್ವಲ್ಪ ಸರಿಸಿ, ಒಂದೊಂದು ಫೋಟೋ ತೆಗೆದು ಕಳಿಸು. ಗೇಟಿನ ಪಕ್ಕದ ಕಂಬದ್ದು ಮರೆಯಬೇಡ, ಭಾರವೆಲ್ಲ ಅದರ ಮೇಲೇ ಇರುತ್ತದೆ. ಯಾವುದನ್ನು ಉಳಿಸಬಹುದು ಅಂತ ಇಬ್ಬರೂ ಕೂತು ನೋಡೋಣ.

ನಿನ್ನ ಗೆಳೆಯ